ಎರಡೂವರೆ ಗಂಟೆ ಹಿಂದಿದ್ದ ಮಾವ

ನಮ್ಮ ಕಡೆ, ಅಂದರೆ ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯ ಎಡಬಲದ ಊರುಗಳಲ್ಲಿ, ಒಂದು ಮನೆತನದ ಚರಿತ್ರೆ ತಿಳಿಯಬೇಕಾದರೆ ಯಾರನ್ನೂ ಕೇಳುವುದು ಬೇಡ, ನೆಲ ನೋಡಿದರೆ ಸಾಕು. ಸೆಗಣಿ ಸಾರಿಸಿದ ನೆಲ ಅಜ್ಜನ ಕಾಲದ್ದು. ಕೆಂಪು ಸಿಮೆಂಟಿನ ನೆಲ ಬೊಂಬಾಯಿ ಹೋಟೆಲಿನ ದುಡ್ಡಿನದ್ದು. ಮೊಸಾಯಿಕ್ ಬಂತೆಂದರೆ ಆ ಮನೆಯಿಂದ ಯಾರೋ ಗಲ್ಫಿಗೆ ಹೋಗಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಕಾಲಿಟ್ಟರೆ ಜಾರುವ, ಬಗ್ಗಿದರೆ ಮುಖ ಕಾಣುವ ಟೈಲ್ಸ್ ಇದ್ದರೆ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ನಮ್ಮ ಸೋದರಮಾವನ ಮನೆಯಲ್ಲಿ ಈ ನಾಲ್ಕೂ ಉಂಟು. ಹಿಂದಿನ ಹಟ್ಟಿಯಿಂದ ಹೊರಟು ಅಡುಗೆಮನೆ, ಚಾವಡಿ ದಾಟಿ ಎದುರಿನ ಜಗಲಿಗೆ ಬರುವಷ್ಟರಲ್ಲಿ ನೀವು ನೂರು ವರ್ಷ ನಡೆದಿರುತ್ತೀರಿ.

ನೋಡಿ, ಮಾವನ ಬಗ್ಗೆ ಹೇಳಲು ಕೂತವನು ಬಾಗಿಲಲ್ಲೇ ನೆಲಕ್ಕಿಳಿದುಬಿಟ್ಟೆ. ಅವಸರವೇನೂ ಇಲ್ಲ ತಾನೆ?

ಮಾವ ತೀರಿಕೊಂಡದ್ದು ಕಳೆದ ಮಳೆಗಾಲದಲ್ಲಿ. ಎಂಬತ್ತಕ್ಕೆ ಎರಡು ಕಮ್ಮಿ. ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ಎಂದು ಒಂದು ಕಾರ್ಯಕ್ರಮ ಇರುತ್ತದಲ್ಲ, ಹಸಿದ ಹೊಟ್ಟೆಗಳ ಎದುರು ತುಂಬಿದ ಎದೆಯಿಂದ ಮಾತಾಡುವುದು, ಅದರಲ್ಲಿ ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತು, "ಲೋಕವನ್ನೇ ಸುತ್ತಿದವರು, ಜೊತೆಗೆ ಆದರ್ಶ ಗೃಹಸ್ಥರು" ಎಂದರು. ನನ್ನ ಹಿಂದಿನ ಸಾಲಿನಲ್ಲಿದ್ದ ನೆಂಟರೊಬ್ಬರು ಪಿಸುಗುಟ್ಟಿದರು: "ಎರಡೂ ಒಟ್ಟಿಗೆ ಹೇಗೆ ಆಗ್ತದೆ ಮಾರಾಯ? ಲೋಕ ಸುತ್ತಿದ್ದು ಹೌದಾದರೆ ಮನೆಯಲ್ಲಿ ಇದ್ದದ್ದು ಯಾವಾಗ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಷ್ಟರಲ್ಲಿ ಎಲೆ ಹಾಕಿದರು, ಉತ್ತರ ಹಾಗೇ ಉಳಿಯಿತು.

ಮೊದಲು ಲೋಕ ಸುತ್ತಿದ ವಿಚಾರ. ಮಾವ ಕೆಲಸ ಮಾಡಿದ ಊರುಗಳು ಬೊಂಬಾಯಿ, ಬಹರೈನ್, ದಮ್ಮಾಮ್, ಕುವೈತ್, ಅಬುಧಾಬಿ. ಹಾದುಹೋದದ್ದನ್ನೂ ಸೇರಿಸಿದರೆ ಮಸ್ಕತ್, ಬಸ್ರಾ, ಬಾಗ್ದಾದ್, ಅಮ್ಮಾನ್. ಕೇಳಿದರೆ ಅರೇಬಿಯನ್ ನೈಟ್ಸ್ ಕತೆಗೇ ಕೈ ಹಾಕಿದ ಹಾಗೆ ಕೇಳಿಸುತ್ತದೆ. ಆದರೆ "ಬಾಗ್ದಾದ್ ಹೇಗುಂಟು ಮಾವ?" ಎಂದು ಕೇಳಿದರೆ ಅವರು ಸ್ವಲ್ಪ ಯೋಚಿಸಿ, "ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ಸಿಕ್ಕಾಪಟ್ಟೆ ಧೂಳು" ಎನ್ನುತ್ತಿದ್ದರು. ಮಸ್ಕತ್? "ಹಡಗಿನಿಂದ ಇಳಿಯಲು ಬಿಡಲಿಲ್ಲ." ಅಮ್ಮಾನ್? "ಚಳಿ." ಒಂದೊಂದು ದೇಶಕ್ಕೆ ಒಂದೊಂದು ವಾಕ್ಯ, ಅದೂ ಕ್ರಿಯಾಪದ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಎಂಟು ದಿನ ಸಿಂಗಾಪುರಕ್ಕೆ ಹೋಗಿಬಂದವರು ಎಂಬತ್ತು ದಿನ ಅದನ್ನೇ ಕೊರೆಯುವ ಈ ಕಾಲದಲ್ಲಿ ಇಂಥ ಪ್ರವಾಸಿಗೆ ಕೈಮುಗಿಯಬೇಕೋ ಬೇಡವೋ ನೀವೇ ಹೇಳಿ.

ಬೊಂಬಾಯಿಯ ಬಗ್ಗೆ ಮಾತ್ರ ಅವರ ಬಾಯಿ ಬಿಚ್ಚುತ್ತಿತ್ತು. ಹದಿಮೂರು-ಹದಿನಾಲ್ಕರ ಪ್ರಾಯದಲ್ಲಿ ಅಲ್ಲಿಗೆ ಹೋಗಿ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ನಿಂತರು. ಆಗ ಆ ಶಹರದಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲಿಡೀ ಟೇಬಲ್ ಒರೆಸುವ ಹುಡುಗರು ಓದಲಿ ಎಂದು ಬೊಂಬಾಯಿಗೆ ಹೋಗಿ ನೆಲೆಯಾದ ನಮ್ಮವರೇ ಸಂಘ ಕಟ್ಟಿ, ಚಂದಾ ಎತ್ತಿ ನಡೆಸುತ್ತಿದ್ದ ಶಾಲೆಗಳು ಅವು. ಅಲ್ಲಿ ಓದಿ ವಕೀಲರಾದವರಿದ್ದಾರೆ, ಬ್ಯಾಂಕಿನ ಮ್ಯಾನೇಜರ್ ಆದವರಿದ್ದಾರೆ, ಹೋಟೆಲಿನ ಮಾಲಕರಾದವರಂತೂ ಲೆಕ್ಕಕ್ಕಿಲ್ಲ. ಮಾವ ಮಾತ್ರ ಭೂಗೋಳದ ಪಾಠದಲ್ಲಿ ಅರೇಬಿಯಾ ಬಂದ ರಾತ್ರಿ ಬೆಂಚಿನ ಮೇಲೆ ನಿದ್ದೆ ಹೋದರಂತೆ. "ಅದಕ್ಕೇ ಆ ಪಾಠ ಮೂವತ್ತು ವರ್ಷ ಕಲಿಯಬೇಕಾಯ್ತು" ಎಂದು ತಾವೇ ನಗುತ್ತಿದ್ದರು.

ಕಸುಬು ಅವರಿಗೆ ಸಿಕ್ಕಿದ್ದು ಶಾಲೆಯಲ್ಲಲ್ಲ, ಹೋಟೆಲಿನ ಹಿಂಬದಿಯಲ್ಲಿ. ಹಾಲು ಇಡುವ ದೊಡ್ಡ ಫ್ರಿಜ್ಜು ಕೆಟ್ಟಾಗಲೆಲ್ಲ ಒಬ್ಬ ಪಾರ್ಸಿ ಮೆಕ್ಯಾನಿಕ್ ಬರುತ್ತಿದ್ದನಂತೆ. ಅವನಿಗೆ ಚಹಾ ಕೊಡುವ ನೆವದಲ್ಲಿ ಪಕ್ಕದಲ್ಲಿ ಕೂತು, ಸ್ಪ್ಯಾನರ್ ಎತ್ತಿ ಕೊಟ್ಟು, ಆಮೇಲೆ ಅವನ ಹಿಂದೆಯೇ ಹೋಗಿ ಫ್ರಿಜ್ಜು, ಏಸಿ ರಿಪೇರಿ ಕಲಿತರು. ಅಷ್ಟರಲ್ಲಿ 1973 ಬಂತು. ಅರಬ್-ಇಸ್ರೇಲಿ ಯುದ್ಧ, ಎಣ್ಣೆಯ ದಿಗ್ಬಂಧನ. ಬ್ಯಾರೆಲ್ಲಿಗೆ ಮೂರು ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲ 1974ರ ಆರಂಭಕ್ಕೆ ಹನ್ನೊಂದು ದಾಟಿತು. ಅಲ್ಲಿ ಎಣ್ಣೆಗೆ ಬೆಲೆ ಬಂತು, ಬೆಲೆಯಿಂದ ಕಟ್ಟಡ ಬಂತು, ಕಟ್ಟಡಕ್ಕೆ ಏಸಿ ಬೇಕಾಯಿತು, ಏಸಿ ಕೆಟ್ಟಿತು, ನಮ್ಮ ಮಾವ ಹೊರಟರು. ಅರ್ಥಶಾಸ್ತ್ರದವರು ಇದನ್ನೇ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಬರೆಯುತ್ತಾರೆ. ಕೊನೆಯ ಕೊಂಡಿ, ಅಂದರೆ ನಮ್ಮ ಚಾವಡಿಯ ಮೊಸಾಯಿಕ್, ಅವರಿಗೆ ಗೊತ್ತಿರುವುದಿಲ್ಲ.

ಹೋದದ್ದು ವಿಮಾನದಲ್ಲಲ್ಲ, ಹಡಗಿನಲ್ಲಿ. ಬ್ರಿಟಿಷ್ ಇಂಡಿಯಾ ಕಂಪನಿಯ 'ದ್ವಾರಕಾ' ಎಂಬ ಹಡಗು ಆಗ ಬೊಂಬಾಯಿಯಿಂದ ಗಲ್ಫಿನ ಬಂದರುಗಳಿಗೆ ಓಡುತ್ತಿತ್ತು. ಡೆಕ್ಕಿನ ಟಿಕೇಟು, ಅಂದರೆ ಚಾಪೆ ನಿಮ್ಮದು, ಆಕಾಶ ಅವರದು. ಅದೇ ಕಂಪನಿಯ 'ದಾರಾ' ಎಂಬ ಹಡಗು 1961ರ ಏಪ್ರಿಲ್‌ನಲ್ಲಿ ದುಬೈ ಹತ್ತಿರ ಸ್ಫೋಟವಾಗಿ 238 ಜನ ಸತ್ತಿದ್ದರು. ಆ ಸುದ್ದಿ ಬೊಂಬಾಯಿಯ ಹೋಟೆಲುಗಳಲ್ಲಿ ಇನ್ನೂ ಬಿಸಿಯಾಗಿಯೇ ಇತ್ತಂತೆ. ಮಾವ ಅದನ್ನು ಅಜ್ಜಿಗೆ ಹೇಳಲಿಲ್ಲ. ಅಜ್ಜಿಗೆ ಹೇಳಿದ್ದು ಹಡಗಿನ ಹೆಸರು ಮಾತ್ರ. "ದ್ವಾರಕೆ ಅಂದ ಮೇಲೆ ಕೃಷ್ಣ ನೋಡಿಕೊಳ್ತಾನೆ" ಎಂದು ಅಜ್ಜಿ ಉಡುಪಿಯ ಕಡೆಗೆ ಕೈಮುಗಿದರು. ದ್ವಾರಕೆ ಕೊನೆಗೆ ಸಮುದ್ರದಲ್ಲಿ ಮುಳುಗಿತು ಎಂಬ ಪುರಾಣದ ಭಾಗವನ್ನು ಆ ಹೊತ್ತಿಗೆ ಯಾರೂ ನೆನಪಿಸಲಿಲ್ಲ, ಪುಣ್ಯ.

ಈ ಹಡಗಿನದ್ದು ಇನ್ನೊಂದು ಕತೆ ಉಂಟು. 1982ರಲ್ಲಿ ಅದು ಓಡಾಟ ನಿಲ್ಲಿಸಿ ಗುಜರಿಗೆ ಹೋಯಿತು. ಆದರೆ ಹೋಗುವ ಮೊದಲು ಅಟೆನ್‌ಬರೋ ಅವರ 'ಗಾಂಧಿ' ಸಿನೆಮಾದಲ್ಲಿ ಪಾತ್ರ ಮಾಡಿತ್ತು. ರಜೆಯಲ್ಲಿ ಬಂದ ಮಾವ ಅತ್ತೆಯನ್ನೂ ಮಕ್ಕಳನ್ನೂ ನಮ್ಮನ್ನೂ ಕಟ್ಟಿಕೊಂಡು ಆ ಸಿನೆಮಾಕ್ಕೆ ಹೋದರು. ಗಾಂಧೀಜಿ ಹಡಗಿನಿಂದ ಬೊಂಬಾಯಿ ಬಂದರಿಗೆ ಇಳಿಯುವ ದೃಶ್ಯ. ಇಡೀ ಥಿಯೇಟರ್ ಮಹಾತ್ಮರನ್ನು ನೋಡುತ್ತಿದ್ದರೆ ಮಾವ ಮಾತ್ರ ಎದ್ದು ನಿಂತು, "ಹೋಯ್, ಅದು ನನ್ನ ಹಡಗು!" ಎಂದರು. ಹಿಂದಿನವರು ಕೂತುಕೊಳ್ಳಿ ಎಂದು ಗದರಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮನೆಗೆ ಬಂದ ಮೇಲೆ ಸಿನೆಮಾ ಹೇಗಿತ್ತು ಎಂದು ಅಜ್ಜಿ ಕೇಳಿದ್ದಕ್ಕೆ ಮಾವನ ವಿಮರ್ಶೆ ಒಂದೇ: "ಅಷ್ಟು ಚೊಕ್ಕಟ ಇರಲಿಲ್ಲ ಆ ಡೆಕ್ಕು."

ಬಹರೈನಿಗೆ ಇಳಿದಾಗ ಮಾವನಿಗೆ ಒಂದು ಬೇಸರವಾಯಿತಂತೆ. ಅವರಿಗಿಂತ ಮೊದಲು ಹೋದವರು ಅಲ್ಲಿ ನಮ್ಮ ರೂಪಾಯಿಯೇ ನಡೆಯುತ್ತದೆ ಎಂದು ಹೇಳಿದ್ದರು. ಒಂದು ಕಾಲಕ್ಕೆ ಅದು ನಿಜವೇ. ಗಲ್ಫಿನ ಸಂತೆಯಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿ. ಆ ರೂಪಾಯಿ ಕೊಟ್ಟು ಚಿನ್ನ ಕೊಂಡು ಇತ್ತ ಕಳ್ಳಸಾಗಣೆ ಮಾಡುವವರು ಹೆಚ್ಚಾದಾಗ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ದಿನಾರ್ ತಂದವು. 1966ರಲ್ಲಿ ಇಂದಿರಾ ಗಾಂಧಿಯವರ ಸರಕಾರ ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದ ಹೆಚ್ಚಿನವರೂ ಕೈಬಿಟ್ಟರು. "ನಾವು ಹತ್ತು ವರ್ಷ ತಡವಾಗಿ ಹೋದೆವು, ಇಲ್ಲದಿದ್ದರೆ ಅಲ್ಲಿ ನಮ್ಮದೇ ನೋಟಿನಲ್ಲಿ ಸಂಬಳ" ಎಂದು ಮಾವ ಹೇಳುವಾಗ ಅತ್ತೆ ಒಳಗಿನಿಂದ, "ನಮ್ಮದೇ ನೋಟಿನಲ್ಲಿ ಕೊಡುವುದಾದರೆ ಅಷ್ಟು ದೂರ ಹೋಗುವುದು ಎಂತಕ್ಕೆ?" ಎನ್ನುತ್ತಿದ್ದರು. ವಿದೇಶಿ ವಿನಿಮಯದ ಬಗ್ಗೆ ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಮಾತು ಅದು.

ಕೆಲಸ ಹೇಗಿತ್ತು? ಏಸಿ ಮೆಕ್ಯಾನಿಕ್ ಎಂದರೆ ತಣ್ಣನೆಯ ಕೆಲಸ ಎಂದು ನಾವು ಮಕ್ಕಳು ತಿಳಿದಿದ್ದೆವು. ತಣ್ಣಗಿರುವುದು ಕೋಣೆಯ ಒಳಗೆ ಕೂತವರಿಗೆ. ಮೆಕ್ಯಾನಿಕ್ ಇರುವುದು ಮೇಲೆ, ತಾರಸಿಯಲ್ಲಿ, ಯಂತ್ರ ಬಿಸಿಗಾಳಿ ಉಗುಳುವ ಕಡೆ. ಜುಲೈ ತಿಂಗಳಲ್ಲಿ ಸ್ಪ್ಯಾನರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕು. ಮರಳುಗಾಳಿ ಎದ್ದ ಮರುದಿನ ಇಡೀ ಊರಿನ ಫಿಲ್ಟರ್ ಕಟ್ಟಿಕೊಂಡು ಎಲ್ಲರಿಗೂ ಮಾವನೇ ಬೇಕು. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನ ಕುದಿನೀರು. ಅದಕ್ಕೆ ಅಲ್ಲಿಯವರ ಉಪಾಯ ಏನು ಗೊತ್ತೇ? ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ನೀರು ತುಂಬಿಟ್ಟು, ತಣ್ಣೀರಿಗೆ ಗೀಸರಿನ ನಲ್ಲಿ ತಿರುಗಿಸುವುದು! ಇದನ್ನು ಮಾವ ಹೇಳಿದಾಗ ನಾವು ನಂಬಿರಲಿಲ್ಲ. ಆಮೇಲೆ ಅಲ್ಲಿಗೆ ಹೋಗಿಬಂದ ಎಲ್ಲರೂ ಹೌದೆಂದರು. ಹೀಗೆ ಅರೇಬಿಯಾದ ಅರ್ಧ ಭಾಗವನ್ನು ತಂಪು ಮಾಡಿದ ಮನುಷ್ಯ ತನ್ನ ಮನೆಗೆ ಕೊನೆಯವರೆಗೂ ಏಸಿ ಹಾಕಿಸಲಿಲ್ಲ. ಮಕ್ಕಳು ಒತ್ತಾಯ ಮಾಡಿದರೆ, "ಬೇಡ, ಅದರ ಹಿಂಭಾಗ ನಾನು ನೋಡಿದ್ದೇನೆ" ಎನ್ನುವರು.

ಶುಕ್ರವಾರ ರಜೆ. ಶುಕ್ರವಾರ ಎಂದರೆ ಮೀನು. ಅಲ್ಲಿ ಕನಾದ್ ಎಂದು ಮಾರುವುದು ನಮ್ಮ ಅಂಜಲ್ ಜಾತಿಯದೇ, ಆದರೆ ನಮ್ಮ ಕಡಲಿನ ರುಚಿ ಇಲ್ಲ ಎಂಬುದು ಅವರ ಕೊನೆಯ ತೀರ್ಪು. ದಮ್ಮಾಮಿನಲ್ಲಿ ಅವರ ಕೋಣೆಯಲ್ಲಿ ಒಬ್ಬ ಮಲಯಾಳಿ, ಒಬ್ಬ ಸಿಂಹಳದವನು, ಒಬ್ಬ ಪೇಶಾವರದ ಪಠಾಣ. ಈ ಪಠಾಣನೂ ಮಾವನೂ ಪಾತ್ರೆ ತೊಳೆಯುವ ಪಾಳಿಯ ಬಗ್ಗೆ ಕ್ರಿಕೆಟ್ ಮೇಲೆ ಬಾಜಿ ಕಟ್ಟಿದ್ದರು. 1986ರ ಏಪ್ರಿಲ್ 18, ಅದೂ ಶುಕ್ರವಾರವೇ, ಶಾರ್ಜಾದಲ್ಲಿ ಫೈನಲ್. ಕೊನೆಯ ಚೆಂಡಿಗೆ ಪಾಕಿಸ್ತಾನಕ್ಕೆ ನಾಲ್ಕು ಓಟ ಬೇಕು, ಚೇತನ್ ಶರ್ಮಾ ಹಾಕಿದರು, ಮಿಯಾಂದಾದ್ ಸಿಕ್ಸರ್ ಹೊಡೆದರು. ಮುಂದಿನದ್ದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ನಮ್ಮ ಮಾವ ಒಂದು ತಿಂಗಳು ನಾಲ್ಕು ಜನರ ಪಾತ್ರೆ ತೊಳೆದದ್ದು. ಬೊಂಬಾಯಿಯಲ್ಲಿ ಕಲಿತ ವಿದ್ಯೆ ಕೈಬಿಡಲಿಲ್ಲ ಎಂದುಕೊಳ್ಳೋಣ. ಪಠಾಣ ಮಾತ್ರ ಒಳ್ಳೆಯವನಂತೆ. ಹದಿನೈದನೇ ದಿನಕ್ಕೆ ತಾನೂ ಬಂದು ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದ.

ಈಗ ಆ ಹಿಂದಿನ ಸಾಲಿನ ನೆಂಟರ ಪ್ರಶ್ನೆಗೆ ಬರೋಣ. ಮನೆಯಲ್ಲಿ ಇದ್ದದ್ದು ಯಾವಾಗ? ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು. ಲೆಕ್ಕ ಹಾಕಿದರೆ ಮೂವತ್ತು ವರ್ಷದಲ್ಲಿ ಮೂರು ವರ್ಷವೂ ಆಗುವುದಿಲ್ಲ. ಆದರೆ ಮಾವ ಮಾಡಿದ್ದ ಒಂದು ಏರ್ಪಾಡು ನೆಂಟರಿಗೆ ಗೊತ್ತಿಲ್ಲ. ಬಹರೈನಿನಲ್ಲಿ ಮೊದಲ ಸಂಬಳದಿಂದ ಕೊಂಡ ಸೀಕೋ ಫೈವ್ ಗಡಿಯಾರಕ್ಕೆ ಅವರು ಊರಿನ ಸಮಯವನ್ನೇ ಇಟ್ಟಿದ್ದರು. ಬಹರೈನ್, ಸೌದಿ, ಕುವೈತ್ ಮೂರೂ ನಮಗಿಂತ ಎರಡೂವರೆ ಗಂಟೆ ಹಿಂದೆ. ಕೆಲಸಕ್ಕೆ ಬೇಕಾದ ಸಮಯವನ್ನು ಗೋಡೆಯಲ್ಲೋ ಯಾರದೋ ಕೈಯಲ್ಲೋ ನೋಡಿಕೊಳ್ಳುವುದು, ತನ್ನ ಕೈಯಲ್ಲಿ ಮಾತ್ರ ಊರು. ಬೆಳಗ್ಗೆ ಏಳಕ್ಕೆ ತಾರಸಿ ಹತ್ತುವಾಗ ಗಡಿಯಾರ ನೋಡಿ, "ಮಕ್ಕಳು ಪ್ರಾರ್ಥನೆಗೆ ನಿಂತರು" ಎನ್ನುವರಂತೆ. ಸಂಜೆ ನಾಲ್ಕೂವರೆಗೆ ಕೈತೊಳೆಯುವಾಗ, "ದೀಪ ಹಚ್ಚಿ ಮಗ್ಗಿ ಹೇಳುತ್ತಿದ್ದಾರೆ." ಮಕ್ಕಳು ಆ ಹೊತ್ತಿಗೆ ಮಗ್ಗಿ ಬಿಟ್ಟು ಬೇರೆಲ್ಲ ಮಾಡುತ್ತಿದ್ದರು ಎನ್ನುವುದಕ್ಕೆ ಅಲ್ಲಿಯೇ ಇದ್ದ ನಾನು ಸಾಕ್ಷಿ, ಆದರೆ ಅಷ್ಟು ದೂರದಿಂದ ನಂಬುವವರಿಗೆ ನಂಬಿಕೆಯೇ ಸಾಕಲ್ಲವೇ? ವಿಚಿತ್ರವೆಂದರೆ ರಜೆಯಲ್ಲಿ ಊರಿಗೆ ಬಂದರೆ ಅದೇ ಗಡಿಯಾರವನ್ನು ಹಿಂದೆ ತಿರುಗಿಸಿ ಅಲ್ಲಿಯ ಸಮಯ ಇಡುವರು. "ಕೋಣೆಯವರು ಈಗ ಎದ್ದರು" ಎನ್ನುವರು. ಎಲ್ಲಿದ್ದರೂ ಇಲ್ಲದ ಕಡೆಯ ಹೊತ್ತು ಅವರ ಕೈಯಲ್ಲಿ. ಸಮಯ ಕೇಳಿದವರಿಗೆ ಉತ್ತರ ಸಿಗುವಾಗ ಬಸ್ಸು ತಪ್ಪಿರುತ್ತಿತ್ತು.

ಮತ್ತೆ ಪತ್ರಗಳು. ನೀಲಿ ಏರೋಗ್ರಾಮಿನ ಒಳಗೆ, ಅಂಚಿನಲ್ಲಿ, ಗೋಂದು ಹಚ್ಚುವ ಕಿವಿಯ ಮೇಲೂ ಆಜ್ಞೆಗಳು. ಮಳೆಗೆ ಮೊದಲು ಹೆಂಚು ಕೈಯಾಡಿಸುವುದು. ಬಾವಿಯ ಬದಿಯ ತೆಂಗಿಗೆ ಉಪ್ಪು. ಎರಡನೆಯವನಿಗೆ ಗಣಿತದಲ್ಲಿ ನಲವತ್ತೆರಡು ಏಕೆ? ಗಂಗೆಗೆ ಹಿಂಡಿ ಹೆಚ್ಚು ಮಾಡುವುದು. ಗಂಗೆ ಎಂದರೆ ದನ. ಈ ಆಜ್ಞೆಗಳು ಊರು ತಲಪುವಷ್ಟರಲ್ಲಿ ಅತ್ತೆ ಆ ಕೆಲಸವನ್ನು ಮಾಡಿ, ಅದು ಕೆಟ್ಟು, ಸರಿಪಡಿಸಿಯೂ ಆಗಿರುತ್ತಿತ್ತು. ಒಮ್ಮೆ ರಜೆಯಲ್ಲಿ ಬಂದವರು ನೇರ ಹಟ್ಟಿಗೆ ಹೋದರು. ಹಟ್ಟಿ ಖಾಲಿ.

"ಗಂಗೆ ಎಲ್ಲಿ?"

"ಹೋದ ವರ್ಷವೇ ಮಾರಿದೆ."

"ಮತ್ತೆ ಪತ್ರದಲ್ಲಿ ಹಾಲು ಚೆನ್ನಾಗಿ ಕೊಡ್ತಾಳೆ ಅಂತ ಬರೆದದ್ದು?"

"ನೀವು ಕೇಳಿದಿರಿ, ಬರೆದೆ. ಬೇಜಾರು ಮಾಡುವುದು ಎಂತಕ್ಕೆ ಅಂತ."

ಒಂದು ವರ್ಷ ಕಾಲ ಆ ದನ ಪತ್ರದಲ್ಲೇ ಮೇದು, ಪತ್ರದಲ್ಲೇ ಹಾಲು ಕೊಟ್ಟಿತ್ತು. ಮಾವ ಅದರ ಹಿಂಡಿಗೆಂದು ದುಡ್ಡನ್ನೂ ಕಳಿಸಿದ್ದರು. ಆ ದುಡ್ಡು ಏನಾಯಿತು ಎಂದು ಅವರು ಕೇಳಲಿಲ್ಲ. ಅತ್ತೆಯ ಕೈಯ ಹೊಸ ಬಳೆ ನೋಡಿದ ಮೇಲೆ ಕೇಳುವ ಅಗತ್ಯ ಬೀಳಲಿಲ್ಲ.

ಎಂಬತ್ತರ ದಶಕಕ್ಕೆ ಕ್ಯಾಸೆಟ್ಟು ಬಂತು. ಮಾವ ಅಲ್ಲಿ ಕೂತು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುವುದು. ನಾವು ಚಾವಡಿಯಲ್ಲಿ ಸುತ್ತ ಕೂತು ಕೇಳುವುದು. ಮಾತಿನ ಹಿಂದೆ ಯಾವಾಗಲೂ ಒಂದು ಏಸಿಯ ಗುಂಯ್ ಸದ್ದು. ಮಾವ ಕೆಮ್ಮಿದರೆ ಅಜ್ಜಿ ಟೇಪ್ ರೆಕಾರ್ಡರಿಗೆ, "ಬಿಸಿನೀರು ಕುಡಿ ಮಗಾ" ಎನ್ನುವರು. ನಾವು ಮರಳಿ ಕಳಿಸುವ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಎಲ್ಲರ ಬೊಬ್ಬೆ, ಇನ್ನೊಂದು ಬದಿಯಲ್ಲಿ ಗದ್ದೆಯಲ್ಲಿ ನಡೆದ ಯಕ್ಷಗಾನದ ಭಾಗವತಿಕೆ, ನಡುವೆ ಕಡಲೆ ಮಾರುವವನ ಕೂಗು ಸಮೇತ. ಕಿರಿಯ ಮಗಳು ಅಪ್ಪನನ್ನು ಮೊದಲು ಕಂಡದ್ದು ಎರಡು ವರ್ಷದವಳಾಗಿದ್ದಾಗ. ಅಲ್ಲಿಯವರೆಗೆ ಅಪ್ಪ ಎಂದರೆ ಅವಳಿಗೆ ಪ್ಯಾನಸಾನಿಕ್. ರಜೆಯಲ್ಲಿ ಬಂದ ಈ ಮೀಸೆಯವರು ಎತ್ತಿಕೊಂಡು ಮಾತಾಡತೊಡಗಿದಾಗ ಹೆದರಿ, ಅವರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನಿಲ್ಲಿಸಲು ನೋಡಿದಳು. ಈಗ ಅವಳಿಗೇ ಮಕ್ಕಳಾಗಿವೆ. ಅವಳ ಗಂಡನಿಗೂ ಆ ಗುಂಡಿ ಸಿಕ್ಕಿಲ್ಲವಂತೆ.

ದುಡ್ಡು ಬರುವುದು ಡ್ರಾಫ್ಟಿನಲ್ಲಿ. ಡ್ರಾಫ್ಟು ಹಿಡಿದು ಅತ್ತೆ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕುರ್ಚಿ ಕೊಡುವರು. ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ಯಾಂಕುಗಳಿಗೇನು ಬರವೇ? ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಇಲ್ಲೇ. ಮಾವ ಒಂದರಲ್ಲಿ ಗದ್ದೆಯ ಲೆಕ್ಕ, ಒಂದರಲ್ಲಿ ಮಗಳ ಮದುವೆ, ಒಂದರಲ್ಲಿ ಮಗನ ಕಾಲೇಜು ಎಂದು ಹಂಚಿಟ್ಟಿದ್ದರು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಕ್ಕೆ ಸೇರಿತು. ಮರುವರ್ಷ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಪಾಸ್‌ಬುಕ್ಕುಗಳನ್ನು ಮೊಣಕಾಲ ಮೇಲೆ ಹರಡಿಕೊಂಡು ಮಾವ ಹೇಳಿದರು: "ನಾವು ಊರು ಬಿಟ್ಟೆವು, ಬ್ಯಾಂಕುಗಳಾದರೂ ಇಲ್ಲಿರುತ್ತವೆ ಅಂತ ಇದ್ದೆ."

ಗಲ್ಫಿನವರ ಪೆಟ್ಟಿಗೆಯ ವಿಚಾರ ಬರೆಯದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ನಾಲ್ಕು ಬದಿಗೂ ಮಾರ್ಕರಿನಲ್ಲಿ ಬರೆದ ಹೆಸರು. ಅದು ತೆರೆದರೆ ಒಂದು ವಾಸನೆ ಬರುತ್ತಿತ್ತು. ಯಾರ್ಡ್ಲಿ ಪೌಡರ್, ಲಕ್ಸ್ ಸಾಬೂನು, ಟೈಗರ್ ಬಾಮ್, ಟ್ಯಾಂಗ್ ಪುಡಿ, ನಿಡೋ ಹಾಲಿನ ಡಬ್ಬ ಎಲ್ಲ ಸೇರಿ ಆದ ವಾಸನೆ. ಹಂಚುವುದಕ್ಕೆ ಒಂದು ಸಂವಿಧಾನವೇ ಇತ್ತು. ಹಿರಿಯರಿಗೆ ಟೈಗರ್ ಬಾಮ್, ಮಾಸ್ತರರಿಗೆ ಪೆನ್ನು, ಹೆಂಗಸರಿಗೆ ನೈಲಾನ್ ಸೀರೆ, ಪೋಸ್ಟ್‌ಮ್ಯಾನಿಗೆ ಟಾರ್ಚು, ಹತ್ತಿರ ಎಂದು ತಿಳಿದುಕೊಂಡ ದೂರದವರಿಗೆ ಚಾಕಲೇಟು. ಯಾರಿಗೆ ಯಾವ ವರ್ಷ ಏನು ಕೊಟ್ಟದ್ದು ಎಂದು ಮಾವ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಪುನಃ ಅದೇ ಆಗಬಾರದಲ್ಲ! ಅದನ್ನು ಮೊನ್ನೆ ತೆರೆದು ನೋಡಿದೆ. ನನ್ನ ಹೆಸರಿನ ಎದುರು "ಛತ್ರಿ" ಎಂದಿದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕಳೆದುಕೊಂಡ, ಮುಂದೆ ಕೊಡುವುದು ಬೇಡ." ಒಂದು ವರ್ಷ ಅವರು ಅತ್ತೆಗೆಂದು ಕೊರಿಯಾದ ದಪ್ಪ ಕಂಬಳಿ ತಂದರು, ಹುಲಿಯ ಚಿತ್ರದ್ದು, ಎತ್ತಲು ಎರಡು ಜನ ಬೇಕು. ಮೇ ತಿಂಗಳಲ್ಲಿ ಒದ್ದೆ ಪಂಚೆ ಹೊದ್ದು ಮಲಗುವ ಕರಾವಳಿಗೆ ಕಂಬಳಿ! ಅತ್ತೆ ಒಂದು ಮಾತೂ ಆಡದೆ ಮಡಿಸಿ ಟ್ರಂಕಿನ ತಳಕ್ಕೆ ಹಾಕಿದರು.

ಹೋಗುವಾಗಲೂ ಪೆಟ್ಟಿಗೆ ಖಾಲಿ ಹೋಗುತ್ತಿರಲಿಲ್ಲ. ಕುಚ್ಚಲಕ್ಕಿ, ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ, ಪುನರ್ಪುಳಿ, ಒಣಮೀನು. ಗಸಗಸೆ ಮಾತ್ರ ಒಂದು ಕಾಳೂ ಇರಬಾರದು, ಅಫೀಮಿನ ಗಿಡದ ಬೀಜ ಎಂದು ಅಲ್ಲಿ ಜೈಲಿಗೆ ಹಾಕುತ್ತಾರೆ. ಹೊರಡುವ ಹಿಂದಿನ ರಾತ್ರಿ ಮಾವ ಮಸಾಲೆಯ ಕಟ್ಟುಗಳನ್ನು ಬಿಚ್ಚಿ, ದೀಪದ ಕೆಳಗೆ ಹಿಡಿದು ಪರೀಕ್ಷಿಸುವರು. ಇದೆಲ್ಲ ಸುತ್ತಿದ್ದು ಹಳೆಯ ಉದಯವಾಣಿಯಲ್ಲಿ. ಅಲ್ಲಿ ತಲಪಿದ ಮೇಲೆ ಕೋಣೆಯ ನಮ್ಮವರು ಉಪ್ಪಿನಕಾಯಿಗಿಂತ ಮೊದಲು ಕಾಗದ ಬಿಡಿಸಿ ಓದುವರಂತೆ. ತಿಂಗಳ ಹಿಂದಿನ ಮರಣ ವಾರ್ತೆ, ಎಣ್ಣೆ ತಾಗಿ ಅರ್ಧ ಅಳಿಸಿದ ಕಂಬಳದ ಫಲಿತಾಂಶ.

ಮಾವ ದಮ್ಮಾಮಿನಲ್ಲಿದ್ದಾಗ ಸೌದಿಗೂ ಬಹರೈನಿಗೂ ನಡುವೆ ಸಮುದ್ರದ ಮೇಲೆ ಇಪ್ಪತ್ತೈದು ಕಿಲೋಮೀಟರ್ ಉದ್ದದ ಸೇತುವೆ ಕಟ್ಟುತ್ತಿದ್ದರು. ಕಟ್ಟುವವರ ಶಿಬಿರದ ಏಸಿಗಳೆಲ್ಲ ಮಾವನ ಕೈಯಲ್ಲೇ. ಐದು ವರ್ಷ ಅದು ಕಂಬ ಕಂಬವಾಗಿ ನೀರಿನೊಳಗೆ ನಡೆದುಹೋಗುವುದನ್ನು ನೋಡಿದರು. ಬಹರೈನಿನಲ್ಲಿ ಹಳೆಯ ಸ್ನೇಹಿತರಿದ್ದರು, ಸೇತುವೆ ಆದ ಮೇಲೆ ಒಂದು ಶುಕ್ರವಾರ ಹೋಗಿ ಮೀನು ತಿಂದು ಬರುವುದೆಂದು ಮಾತಾಗಿತ್ತು. 1986ರ ನವೆಂಬರಿನಲ್ಲಿ ಸೇತುವೆ ತೆರೆಯಿತು. ಅದಕ್ಕೆ ಎರಡು ತಿಂಗಳು ಮೊದಲು ಮಾವನ ಕರಾರು ಮುಗಿದು ಊರಿಗೆ ಕಳಿಸಿದ್ದರು.

ಆಮೇಲೆ ಕುವೈತ್. 1990ರ ಆಗಸ್ಟ್ 2ರಂದು ಸದ್ದಾಮ್ ಹುಸೇನನ ಸೇನೆ ಅಲ್ಲಿಗೆ ನುಗ್ಗಿತು. ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ರೇಡಿಯೋ ಆರಲಿಲ್ಲ. ಮಾವ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಯಡಿ ಮಲಗಿ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ಆಗಸ್ಟಿನಿಂದ ಅಕ್ಟೋಬರಿನವರೆಗೆ ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಊರಿಗೆ ಪೆಟ್ಟಿಗೆ ಇಲ್ಲದೆ ಮಾವ ಬಂದದ್ದು ಅದೊಂದೇ ಸಲ. ಕೈಯಲ್ಲಿ ಒಂದು ಚೀಲ, ಕಿಸೆಯಲ್ಲಿ ಕುವೈತಿನ ಕೋಣೆಯ ಬೀಗದ ಕೈ. "ಬೀಗ ಸರಿಯಾಗಿ ಹಾಕಿದ್ದೀರಾ?" ಎಂದು ಅತ್ತೆ ಕೇಳಿದರು. ಬೇರೇನು ಕೇಳುವುದು?

ಮುಂದೆ ವಿಶ್ವಸಂಸ್ಥೆ ಇರಾಕಿನ ತೈಲದ ಹಣದಿಂದ ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಿಸಿತು. ಕುವೈತ್ ಬಿಟ್ಟೋಡಿದವರಲ್ಲಿ ಬೇರೆ ಅರ್ಜಿ ಹಾಕದವರಿಗೆ ತಲಾ 4,000 ಡಾಲರ್. ಅದು ಕೈಗೆ ಬರುವಾಗ ವರ್ಷಗಳೇ ಕಳೆದಿದ್ದವು. ಆ ದುಡ್ಡಿನಲ್ಲಿ ಮಾವ ತೋಟದಲ್ಲಿ ಬಾವಿ ತೋಡಿಸಿದರು, ಕಲ್ಲು ಕಟ್ಟಿಸಿದರು, ಪಂಪು ಇಟ್ಟರು. ಒಳ್ಳೆಯ ಸಿಹಿನೀರು. ಊರಿನವರು ಅದನ್ನು ಇಂದಿಗೂ ಸದ್ದಾಂ ಬಾವಿ ಎನ್ನುತ್ತಾರೆ. ಏಪ್ರಿಲಿನಲ್ಲಿ ಊರಿನ ಬಾವಿಗಳೆಲ್ಲ ಬತ್ತಿದಾಗ ಕೊಡಪಾನ ಹಿಡಿದು ಬರುವ ಹೆಂಗಸರು, "ಸದ್ದಾಮ ಕೈಬಿಡಲಿಲ್ಲ" ಎನ್ನುವುದನ್ನು ಕೇಳಿದರೆ ಅಮೆರಿಕದವರು ಏನು ತಿಳಿದುಕೊಳ್ಳುತ್ತಿದ್ದರೋ.

ಕೊನೆಯ ವರ್ಷಗಳು ಅಬುಧಾಬಿಯಲ್ಲಿ. ಅಲ್ಲಿಗೂ ನಮಗೂ ಒಂದೂವರೆ ಗಂಟೆ ಅಂತರ. "ಒಂದು ಗಂಟೆ ಹತ್ತಿರ ಬಂದೆ ನೋಡು" ಎಂದು ಮೊದಲ ಫೋನಿನಲ್ಲೇ ಹೇಳಿದರು. ಆಮೇಲೆ ಪೂರ್ತಿ ಹತ್ತಿರ ಬಂದರು, ಅಂದರೆ ನಿವೃತ್ತಿಯಾಗಿ ಊರಿಗೆ. ಅದಾದ ಮೇಲೆ, 2006ರಲ್ಲಿ, ಮಂಗಳೂರಿನ ಬಜಪೆಯಿಂದ ನೇರ ದುಬೈಗೆ ವಿಮಾನ ಶುರುವಾಯಿತು. ರಾತ್ರಿಯಿಡೀ ಬೊಂಬಾಯಿ ಬಸ್ಸಿನಲ್ಲಿ ಕುಲುಕಿ ಸೊಂಟ ಹಿಡಿಸಿಕೊಂಡ ಮನುಷ್ಯ ಪತ್ರಿಕೆ ಓದಿ ಸುಮ್ಮನೆ ಸೊಂಟ ಮುಟ್ಟಿಕೊಂಡರು.

ಗಲ್ಫಿನವರನ್ನು ಕಂಡರೆ ನಮ್ಮೂರಿನಲ್ಲಿ ಕೇಳುವುದು ಎರಡೇ ಪ್ರಶ್ನೆ: ಯಾವಾಗ ಬಂದದ್ದು, ಯಾವಾಗ ಹೋಗುವುದು. ಮಾವ ನಿವೃತ್ತರಾಗಿ ಹತ್ತು ವರ್ಷವಾದ ಮೇಲೂ ದೇವಸ್ಥಾನದಲ್ಲಿ, ಮದುವೆಯಲ್ಲಿ ಜನ ಅದನ್ನೇ ಕೇಳುತ್ತಿದ್ದರು. ಮೊದಮೊದಲು ವಿವರಿಸಿದರು, ಆಮೇಲೆ ಸುಸ್ತಾಗಿ "ಬರುವ ತಿಂಗಳು" ಎನ್ನತೊಡಗಿದರು. ಎಲ್ಲರಿಗೂ ಸಮಾಧಾನ.

ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. ಮೂವತ್ತು ವರ್ಷ ತಾನೊಬ್ಬಳೇ ನಡೆಸಿದ ಮನೆಯೊಳಗೆ ಪತ್ರ ಬರೆಯುವವರೇ ಬಂದು ಕೂತರೆ ಹೇಗೆ? ಹಿಂದೆ ಆಜ್ಞೆ ಬರಲು ಹದಿನೈದು ದಿನ ಹಿಡಿಯುತ್ತಿತ್ತು, ಈಗ ಚಾವಡಿಯಿಂದ ಅಡುಗೆಮನೆಗೆ ಒಂದು ಕ್ಷಣ. ಹೆಂಚು, ಉಪ್ಪು, ಹಿಂಡಿ ಎಲ್ಲದಕ್ಕೂ ಸಲಹೆ. ಒಂದು ದಿನ ತಡೆಯಲಾರದೆ ಅತ್ತೆ, "ಇವರು ಅಲ್ಲಿದ್ದಾಗ ಎಷ್ಟು ಒಳ್ಳೆಯ ಸಂಸಾರ ಮಾಡ್ತಿದ್ರು!" ಎಂದುಬಿಟ್ಟರು. ಹಿಂದಿನ ಸಾಲಿನ ನೆಂಟರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ದಿನವೂ ಮನೆಯಲ್ಲೇ ಇರುವ ನನಗೆ ನನ್ನ ಮಗ ಎಷ್ಟನೇ ತರಗತಿ ಎಂದು ಫಕ್ಕನೆ ಹೇಳಲಾಗುವುದಿಲ್ಲ, ಮಾವನಿಗೆ ನಲವತ್ತೆರಡು ಅಂಕದ ಲೆಕ್ಕವೂ ಗೊತ್ತಿತ್ತು. ಹಾಗೆಂದು ಎಲ್ಲ ಗಂಡಸರೂ ಬಹರೈನಿಗೆ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಅತ್ತೆಯಂಥವರು ಎಲ್ಲ ಮನೆಯಲ್ಲೂ ಇರಬೇಕಲ್ಲ.

ಈ ಬೇಸಿಗೆಯಲ್ಲಿ ಮಕ್ಕಳು ಕೊನೆಗೂ ಮನೆಗೆ ಏಸಿ ಹಾಕಿಸಿದರು. ಗೋಡೆ ಕೊರೆಯಲು ಬಂದ ಹುಡುಗ ಜಾರ್ಖಂಡಿನವನು, ಇಪ್ಪತ್ತೆರಡೋ ಇಪ್ಪತ್ತಮೂರೋ. ಹೊರಗಿನ ಯಂತ್ರ ಕೂರಿಸಲು ಬಿಸಿಲಿನಲ್ಲಿ ಏಣಿ ಹತ್ತಿ ನಿಂತಿದ್ದ. ಅತ್ತೆ ಕೆಳಗಿನಿಂದ ತಮ್ಮ ಹರಕು ಹಿಂದಿಯಲ್ಲಿ ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಊರಿನಿಂದ ಯಾವಾಗ ಬಂದದ್ದು, ಯಾವಾಗ ಹೋಗುವುದು. ಛಠ್ ಹಬ್ಬಕ್ಕೆ ಎಂದ. ಮಗಳಿದ್ದಾಳಂತೆ, ಒಂದು ವರ್ಷದವಳು. ದಿನಾ ವಿಡಿಯೋ ಕರೆ ಮಾಡುತ್ತಾನಂತೆ. ಅತ್ತೆ ಅವನನ್ನು ಕೂರಿಸಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದರು. ಅವನು ಅನ್ನದ ಅಗುಳು ಇಷ್ಟು ದಪ್ಪ ಏಕೆ ಎಂದು ನೋಡುತ್ತಾ ತಿಂದ. ಖಂಡಿತ ಅವನೂ ನಮ್ಮೂರನ್ನು ತನ್ನ ಊರಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ: "ಅಕ್ಕಿ ದಪ್ಪ."

ಹೋಗುವ ಮೊದಲು ಏಸಿಯನ್ನು ಹದಿನಾರಕ್ಕೆ ಇಟ್ಟು ತೋರಿಸಿ ಹೋದ. ರಿಮೋಟು ಬಳಸುವುದು ಅತ್ತೆಗೆ ಗೊತ್ತಿರಲಿಲ್ಲ, ಹದಿನಾರರಲ್ಲೇ ಇಡೀ ರಾತ್ರಿ ಓಡಿತು. ನಡುರಾತ್ರಿ ಗಡಗಡ ನಡುಗಿ ಎದ್ದವರು ಟ್ರಂಕು ತೆರೆದು ತಳದಿಂದ ಆ ಕೊರಿಯಾದ ಹುಲಿಯನ್ನು ಎಳೆದು ಹೊದ್ದುಕೊಂಡರಂತೆ. ಬೆಳಗ್ಗೆ ನನಗೆ ಫೋನು ಮಾಡಿ, "ನೋಡು ಮಗಾ, ಇವರು ಎಲ್ಲ ಲೆಕ್ಕ ಹಾಕಿಯೇ ತಂದದ್ದು" ಎಂದರು. ಕರೆಂಟು ಬಿಲ್ಲು ಇನ್ನೂ ಬಂದಿಲ್ಲ. ಬಂದ ಮೇಲೆ ಮಾವನ ಬಗ್ಗೆ ಅತ್ತೆಯ ಅಭಿಪ್ರಾಯ ಬದಲಾದರೆ ತಿಳಿಸುತ್ತೇನೆ.